ಚಳಿಯ ಚಾರಣಕ್ಕೆ ಮೈಗಂಟುವ ಒಳಪದರ: ಕಡಿಮೆ ಖರ್ಚಿನಲ್ಲಿ ಆರಿಸುವ ಕ್ರಮ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನಿಂದ ಹಿಮಾಲಯದ ಚಳಿಗಾಲದ ಚಾರಣಗಳಿಗೆ ಹೊರಡುವವರ ಓಡಾಟ ಶುರುವಾಗುತ್ತದೆ. ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್‌ಗಳಂಥ ದಾರಿಗಳಿಗೆ ಮೊದಲ ಬಾರಿ ಹೋಗುವವರು ಪಟ್ಟಿ ಹಿಡಿದು ಅಂಗಡಿ ಹೊಕ್ಕಾಗ, ಹಣದ ಬಹುಪಾಲನ್ನು ದಪ್ಪ ಜಾಕೆಟ್‌ಗೆ ಸುರಿದು, ಮೈಗಂಟುವ ಅಂಗಿಯ ಸರದಿ ಬರುವಷ್ಟರಲ್ಲಿ ಕೈಗೆ ಸಿಕ್ಕ ‘ಥರ್ಮಲ್’ ಒಂದನ್ನು ಬುಟ್ಟಿಗೆ ಹಾಕಿಕೊಳ್ಳುವುದು ಸಾಮಾನ್ಯ. ಖರ್ಚು ತಗ್ಗಿಸಬೇಕೆನ್ನುವವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು. ದಪ್ಪ ಜಾಕೆಟ್, ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಬೂಟಿನಡಿಗೆ ತೊಡಿಸುವ ಹಿಮದ ಮುಳ್ಳುಪಟ್ಟಿಗಳು ಬಾಡಿಗೆಗೆ ಸಿಗುತ್ತವೆ. ಕೇದಾರಕಂಠದ ನಡಿಗೆ ಆರಂಭವಾಗುವ ಸಾಂಕ್ರಿ ಹಳ್ಳಿಯಲ್ಲಿಯೇ ಅವನ್ನು ಪಡೆಯಬಹುದು. ಒಳಪದರವನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ, ಕೊಟ್ಟರೂ ತೊಡುವ ಧೈರ್ಯ ಯಾರಿಗೂ ಇರಲಾರದು. ಆದ್ದರಿಂದ ಕೊಳ್ಳಲೇಬೇಕಾದದ್ದನ್ನು ವಿಚಾರಿಸಿ ಕೊಳ್ಳುವುದು ಲೇಸು, ಅದೂ ದುಬಾರಿಯಾಗಬೇಕಿಲ್ಲ.

ಬೆಂಗಳೂರಿನವರಿಗೆ ಈ ಆಯ್ಕೆ ಕಷ್ಟವೆನಿಸಲು ಕಾರಣವಿದೆ. ಈ ನಗರದಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ನಮ್ಮ ಅನುಭವದ ಚಳಿಯೆಂದರೆ ಬೆಳಗಿನ ಜಾವ ಸ್ವೆಟರ್ ಹಾಕಿ ಹಾಲು ತರಲು ಹೋಗುವಷ್ಟು ಹೊತ್ತಿನ ಚಳಿ. ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠದ ನೆತ್ತಿಗೆ ಮುಂಜಾವದಲ್ಲಿ, ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲಿ, ಚೀಲ ಹೊತ್ತು ಏರುವವರ ತೊಂದರೆ ಬೇರೆಯ ಬಗೆಯದು. ಅಲ್ಲಿ ಮೊದಲು ಎದುರಾಗುವುದು ಬೆವರು. ಚಳಿ ಅದರ ಬೆನ್ನಿಗೇ ಬರುತ್ತದೆ. ಏರುವಾಗ ಹೊಮ್ಮಿದ ಬೆವರು ಬಟ್ಟೆಯಲ್ಲಿ ನಿಂತರೆ, ದಣಿವಾರಿಸಿಕೊಳ್ಳಲು ಕುಳಿತ ಐದು ನಿಮಿಷದಲ್ಲಿ ಬೆನ್ನು ಹಿಮದಂತಾಗುತ್ತದೆ. ನೀರು ನಿಶ್ಚಲ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಅಂದರೆ ಬಟ್ಟೆಯ ಎಳೆಗಳ ನಡುವೆ ಗಾಳಿ ಇರಬೇಕಾದಲ್ಲಿ ನೀರು ತುಂಬಿಕೊಂಡರೆ ಆ ಬಟ್ಟೆ ಮೈಯ ಬಿಸಿಯನ್ನು ಕಾಯುವ ಬದಲು ಹೊರಗೆ ಸಾಗಿಸಿಬಿಡುತ್ತದೆ. ಅದರ ಜೊತೆಗೆ ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಉಷ್ಣ ಬೇಕು, ಆ ಉಷ್ಣದ ಹೆಚ್ಚಿನ ಪಾಲು ಹೋಗುವುದು ನಮ್ಮ ಮೈಯಿಂದಲೇ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ವೈದ್ಯಕೀಯ ತುರ್ತು ಸ್ಥಿತಿ.

ಮೊದಲ ಹೆಜ್ಜೆ: ನಡಿಗೆಯ ಬಗೆಯನ್ನು ನಿರ್ಧರಿಸಿಕೊಳ್ಳುವುದು

ಒಂದೇ ಅಂಗಿ ಎಲ್ಲ ಸಂದರ್ಭಕ್ಕೂ ಒದಗುವುದಿಲ್ಲ. ಜನವರಿಯ ಮುಂಜಾವದಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಸೈಕಲ್‌ನಲ್ಲಿ ಏರುವವರಿಗೆ, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಗಾಳಿಗೆ ಮೈಯೊಡ್ಡುವವರಿಗೆ, ಹಿಮದಲ್ಲಿ ನಾಲ್ಕು ರಾತ್ರಿ ಡೇರೆಯಲ್ಲಿ ಮಲಗುವವರಿಗೆ ಬೇಕಾಗುವುದು ಬೇರೆಬೇರೆ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂಬ ಲೆಕ್ಕವಿಟ್ಟುಕೊಂಡರೆ, 920 ಮೀಟರ್ ಎತ್ತರದ ಬೆಂಗಳೂರಿಗಿಂತ ನಂದಿಯ ನೆತ್ತಿ ಮೂರೂವರೆ ಡಿಗ್ರಿಯಷ್ಟೇ ತಣ್ಣಗಿರುತ್ತದೆ. ಅಷ್ಟಕ್ಕೆ ವಿಶೇಷ ಉಡುಪು ಕೊಳ್ಳುವ ಅಗತ್ಯವೇ ಇಲ್ಲ; ಮನೆಯಲ್ಲಿರುವ ಓಟದ ಪಾಲಿಯೆಸ್ಟರ್ ಟೀಶರ್ಟ್ ಮತ್ತು ಇಳಿಯುವಾಗ ಗಾಳಿ ತಡೆಯುವ ತೆಳು ಜಾಕೆಟ್ ಸಾಕು.

ಪಶ್ಚಿಮಘಟ್ಟಗಳ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಕುದುರೆಮುಖ, ಕುಮಾರಪರ್ವತಗಳ ಮಂಜಿನಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಬಟ್ಟೆಯ ಹೊರಮೈಗೆ ಬಂದರೂ ಆವಿಯಾಗಲು ಹಿಂದೆಗೆಯುತ್ತದೆ. ಅಲ್ಲಿ ಎಷ್ಟು ದುಬಾರಿಯ ಅಂಗಿಯೂ ಒದ್ದೆಯೇ ಆಗಿರುತ್ತದೆ. ಅಂಥ ಕಡೆ ಅತಿ ತೆಳ್ಳಗಿನ, ಹಿಂಡಿದರೆ ನೀರು ಬಿಟ್ಟುಕೊಡುವ ಪಾಲಿಯೆಸ್ಟರ್ ಅಂಗಿಯೊಂದನ್ನು ತೊಟ್ಟು, ಇನ್ನೊಂದನ್ನು ನೀರು ಸೋರದ ಚೀಲದಲ್ಲಿ ಒಣಗಿದ್ದಂತೆಯೇ ಇಟ್ಟುಕೊಳ್ಳುವುದು ಜಾಣತನ. ಹಿಮಾಲಯದ ಚಳಿಗಾಲದ ಒಣ ಗಾಳಿಯಲ್ಲಿ ಮಾತ್ರ ಬೆವರು ಸಾಗಿಸುವ ಬಟ್ಟೆ ತನ್ನ ಪೂರ್ಣ ಗುಣವನ್ನು ತೋರುತ್ತದೆ.

ಎರಡನೆಯ ಹೆಜ್ಜೆ: ಬೆಲೆಯ ಚೀಟಿಗಿಂತ ಮೊದಲು ನಾರಿನ ಚೀಟಿ ಓದುವುದು

ಅಂಗಿಯ ಒಳಬದಿಯ ಹೊಲಿಗೆಯಲ್ಲಿ ಸಿಕ್ಕಿಸಿರುವ ಸಣ್ಣ ಚೀಟಿಯಲ್ಲಿ ನಾರುಗಳ ಶೇಕಡಾವಾರು ಪ್ರಮಾಣ ಇರುತ್ತದೆ. ಇಡೀ ಖರೀದಿಯಲ್ಲಿ ಇದಕ್ಕಿಂತ ಮುಖ್ಯವಾದ ಮಾಹಿತಿ ಮತ್ತೊಂದಿಲ್ಲ. ಹೊರಗಿನ ಡಬ್ಬಿಯ ಮೇಲೆ ಹಿಮಪರ್ವತದ ಚಿತ್ರವಿದ್ದರೂ ಸರಿ, ಉಷ್ಣಾಂಶದ ಭರವಸೆ ಅಚ್ಚಾಗಿದ್ದರೂ ಸರಿ, ಆ ಚೀಟಿಯನ್ನು ನೋಡದೆ ಕೊಳ್ಳಬಾರದು.

ನಾರು ತನ್ನೊಳಗೆ ಎಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಜವಳಿ ಶಾಸ್ತ್ರದಲ್ಲಿ ಒಂದು ಅಳತೆಯಿದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65 ಇರುವಾಗ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8ರಷ್ಟು, ನೈಲಾನ್ ಶೇ. 4ರಷ್ಟು ತೇವವನ್ನು ಹೀರಿಕೊಂಡರೆ, ಪಾಲಿಯೆಸ್ಟರ್ ಶೇ. 0.4ರಷ್ಟನ್ನು ಮಾತ್ರ ಹೀರುತ್ತದೆ. ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ನಾರಿನೊಳಕ್ಕೆ ನೀರು ಇಳಿಯದಿದ್ದಾಗ ಅದು ಎಳೆಗಳ ನಡುವಿನ ಸಂದುಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹರಡಿಕೊಂಡು ಹೊರಮೈಗೆ ಬರುತ್ತದೆ, ಅಗಲವಾಗಿ ಹರಡಿದ್ದರಿಂದ ಬೇಗ ಆರುತ್ತದೆ. ಹತ್ತಿಯಲ್ಲಿ ನೀರು ನಾರಿನೊಳಗೇ ಸೇರಿ ನಾರು ಉಬ್ಬುವುದರಿಂದ ಒಣಗುವುದು ತಡವಾಗುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಿತವೆನಿಸುವ ಗುಣವೇ ಹಿಮದಲ್ಲಿ ಅಪಾಯಕಾರಿಯಾಗುವುದು ಹೀಗೆ.

ಉಣ್ಣೆಯ ಲೆಕ್ಕ ವಿಚಿತ್ರವಾದದ್ದು. ಅದೇ ಅಳತೆಯಲ್ಲಿ ಉಣ್ಣೆ ಶೇ. 16ರ ಆಸುಪಾಸಿನಷ್ಟು, ಅಂದರೆ ಹತ್ತಿಗಿಂತ ಇಮ್ಮಡಿ ತೇವ ಹಿಡಿಯುತ್ತದೆ; ಆದರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ನಾರಿನ ಹೊರಮೈ ನೀರನ್ನು ದೂರವಿಡುತ್ತದೆ, ಒಳಭಾಗ ಆವಿಯನ್ನು ಒಳಗೆಳೆದುಕೊಳ್ಳುತ್ತದೆ, ಹೀಗೆ ಹೀರುವಾಗ ಸ್ವಲ್ಪ ಶಾಖವೂ ಬಿಡುಗಡೆಯಾಗುತ್ತದೆ. ಸುರುಳಿಸುರುಳಿಯಾದ ಎಳೆ ಒದ್ದೆಯಾದಾಗಲೂ ಗಾಳಿಯನ್ನು ಹಿಡಿದಿಟ್ಟಿರುತ್ತದೆ. ಆದರೆ ಮೈಗಂಟುವ ಉಡುಪಿಗೆ ಎಲ್ಲ ಉಣ್ಣೆಯೂ ಆಗದು. ಮೆರಿನೊ ಎಂಬ ತಳಿಯ ಕುರಿಯ ಉಣ್ಣೆಯ ಎಳೆಯ ದಪ್ಪ 17ರಿಂದ 19 ಮೈಕ್ರಾನ್‌ನಷ್ಟಿದ್ದು ಚರ್ಮಕ್ಕೆ ಚುಚ್ಚುವುದಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆ ಅದಕ್ಕಿಂತ ಬಹಳ ಒರಟು. ಚಳ್ಳಕೆರೆ ಕಡೆಯ ಕರಿ ಕಂಬಳಿ ಹೊದೆಯಲು ಎಷ್ಟು ಗಟ್ಟಿಗನಾದರೂ, ಅದೇ ಉಣ್ಣೆಯ ಅಂಗಿಯನ್ನು ಬರಿಮೈಗೆ ತೊಟ್ಟು ನಡೆಯುವುದು ಯಾರಿಗೂ ಬೇಡ.

ಚೀಟಿಯಲ್ಲಿ ಎಚ್ಚರದಿಂದ ನೋಡಬೇಕಾದ ಕೆಲವು ಸಂಗತಿಗಳಿವೆ. ಒಳಉಡುಪಿನ ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಸಿಗುವ ಬಿಳಿ ಅಥವಾ ಬೂದು ಬಣ್ಣದ ಜೊತೆಗಳು ಬಹುಮಟ್ಟಿಗೆ ಹತ್ತಿ ಮತ್ತು ಪಾಲಿಯೆಸ್ಟರ್‌ನ ಮಿಶ್ರಣ. ಅವು ಉತ್ತರ ಭಾರತದ ಚಳಿಯಲ್ಲಿ ಮನೆಯಲ್ಲೋ ಕಚೇರಿಯಲ್ಲೋ ಕುಳಿತಿರುವವರಿಗೆ ತಕ್ಕವು, ಬೆವರುವವರಿಗೆ ತಕ್ಕವಲ್ಲ. ಬಿದಿರಿನ ಬಟ್ಟೆಯೆಂದು ಮಾರುವುದರಲ್ಲಿ ಹೆಚ್ಚಿನದು ಬಿದಿರಿನ ತಿರುಳಿನಿಂದ ತಯಾರಿಸಿದ ವಿಸ್ಕೋಸ್, ಅದು ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ. ಮೃದುವಾಗಿರುವುದು ನಿಜ, ಹಿಮದ ನಡಿಗೆಗೆ ಬೇಡ. ಮೆರಿನೊ ಮಿಶ್ರಣವೆಂದು ದೊಡ್ಡಕ್ಷರದಲ್ಲಿ ಬರೆದು ಚೀಟಿಯಲ್ಲಿ ಶೇ. 5ರಷ್ಟೇ ಉಣ್ಣೆ ತೋರಿಸುವ ಅಂಗಿಗೆ ಉಣ್ಣೆಯ ಬೆಲೆ ತೆರುವುದರಲ್ಲಿ ಅರ್ಥವಿಲ್ಲ. ಹಿಗ್ಗುವ ನಾರಾದ ಎಲಾಸ್ಟೇನ್ ಶೇ. 5ರಿಂದ 10ರವರೆಗಿದ್ದರೆ ಅಡ್ಡಿಯಿಲ್ಲ, ಅಂಗಿ ಮೈಗೆ ಒಗ್ಗಿ ನಿಲ್ಲಲು ಅದು ಬೇಕಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಮೊದಲ ಚಾರಣಕ್ಕೆ ಪಾಲಿಯೆಸ್ಟರ್ ಸಾಕು. ಮೆರಿನೊದ ನಿಜವಾದ ಲಾಭ ಕಾಣುವುದು ವಾಸನೆಯ ವಿಚಾರದಲ್ಲಿ: ಸತತ ನಾಲ್ಕೈದು ದಿನ ಸ್ನಾನವಿಲ್ಲದೆ ಒಂದೇ ಅಂಗಿಯಲ್ಲಿ ನಡೆದರೂ ಅದು ಡೇರೆಯ ಸಂಗಾತಿಗಳನ್ನು ಹೊರಗಟ್ಟುವುದಿಲ್ಲ. ಪಾಲಿಯೆಸ್ಟರ್ ಎರಡನೆಯ ದಿನವೇ ತನ್ನ ಇರುವಿಕೆಯನ್ನು ಸಾರುತ್ತದೆ. ಆ ಸೌಕರ್ಯಕ್ಕೆ ಮೂರು ನಾಲ್ಕು ಪಟ್ಟು ಬೆಲೆ ಕೊಡಬೇಕೇ ಎಂಬುದನ್ನು ಅವರವರೇ ತೀರ್ಮಾನಿಸಲಿ.

ಮೂರನೆಯ ಹೆಜ್ಜೆ: ದಪ್ಪವನ್ನು ಗೊತ್ತುಮಾಡುವುದು

ಬಟ್ಟೆಯ ದಪ್ಪವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕವೆಂಬ ಲೆಕ್ಕದಲ್ಲಿ, ಜಿಎಸ್‌ಎಂ ಎಂದು ಹೇಳುತ್ತಾರೆ. 120ರಿಂದ 150ರವರೆಗಿನದು ತೆಳು, 150ರಿಂದ 200 ಮಧ್ಯಮ, ಅದಕ್ಕೂ ಮೇಲಿನದು ದಪ್ಪ. ಸ್ಥೂಲ ಹೋಲಿಕೆಗೆ, ಮಧ್ಯಮ ಅಳತೆಯ ತುಂಬುತೋಳಿನ ತೆಳು ಅಂಗಿ ತಕ್ಕಡಿಯಲ್ಲಿ 200 ಗ್ರಾಂ ಆಸುಪಾಸಿನಲ್ಲಿರುತ್ತದೆ. ನಡೆಯುವಾಗ ತೊಡುವುದು ತೆಳುವಾಗಿಯೇ ಇರಲಿ. ಬೆಚ್ಚಗಿಡುವ ಕೆಲಸ ಅದರ ಮೇಲೆ ತೊಡುವ, ತುಪ್ಪುಳಿನಂಥ ಬಟ್ಟೆಯ ಫ್ಲೀಸ್‌ಗೆ ಸೇರಿದ್ದು, ಗಾಳಿ ಮತ್ತು ಹಿಮ ತಡೆಯುವುದು ಹೊರಗಿನ ಜಾಕೆಟ್‌ಗೆ. ಒಳಪದರಕ್ಕೆ ಬೆವರು ಸಾಗಿಸುವ ಒಂದೇ ಕೆಲಸವನ್ನು ಒಪ್ಪಿಸಿದರೆ ಅದು ಅಗ್ಗವಾಗಿಯೂ ಹಗುರವಾಗಿಯೂ ಇರಬಲ್ಲದು. ಒಳಗೆ ತುಪ್ಪುಳವಿರುವ ದಪ್ಪ ಒಳಪದರ ಕೊಂಡವರು ಹತ್ತು ನಿಮಿಷದ ಏರಿನಲ್ಲಿ ಬೆವರಿ ತೊಯ್ದುಹೋಗುತ್ತಾರೆ, ಅದನ್ನು ಕಳಚುವುದಕ್ಕೆ ಹಿಮದಲ್ಲಿ ಅವಕಾಶವೂ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅಳತೆ ಮತ್ತು ಹೊಲಿಗೆ

ಚರ್ಮಕ್ಕೆ ತಾಗದ ಬಟ್ಟೆ ಚರ್ಮದ ಮೇಲಿನ ಬೆವರನ್ನು ಎಳೆದುಕೊಳ್ಳಲಾರದು. ಆದ್ದರಿಂದ ಅಂಗಿ ಎದೆ, ಬೆನ್ನು, ಕಂಕುಳುಗಳಲ್ಲಿ ಮೈಗೆ ಹೊಂದಿಕೊಂಡಿರಬೇಕು, ಆದರೆ ಉಸಿರು ಎಳೆದಾಗ ಬಿಗಿಯಬಾರದು. ಅಂಗಡಿಯಲ್ಲಿ ತೊಟ್ಟು ಎರಡೂ ಕೈಗಳನ್ನು ಮೇಲೆತ್ತಿ ನೋಡಿ; ಹೊಟ್ಟೆ ಕಾಣಿಸಿದರೆ ಅಂಗಿ ಗಿಡ್ಡವಾಯಿತು, ಬಗ್ಗಿ ಬೂಟಿನ ದಾರ ಕಟ್ಟುವಾಗ ಸೊಂಟಕ್ಕೆ ಗಾಳಿ ಬಡಿಯುತ್ತದೆ. ಭುಜದ ಮೇಲೆ ಉಬ್ಬಿದ ಹೊಲಿಗೆಯಿದ್ದರೆ ಹತ್ತು ಕಿಲೋ ಚೀಲದ ಪಟ್ಟಿ ಅದನ್ನು ದಿನವಿಡೀ ಚರ್ಮಕ್ಕೆ ಒತ್ತುತ್ತಿರುತ್ತದೆ. ಚಪ್ಪಟೆ ಹೊಲಿಗೆ ಅಥವಾ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೋಳಿನ ಹೊಲಿಗೆ ಇರುವ ಅಂಗಿಯನ್ನು ಹುಡುಕಿ. ಕತ್ತಿನ ಬಳಿ ಅರ್ಧ ಜಿಪ್ ಇದ್ದರೆ ಇನ್ನೂ ಮೇಲು. ಏರಿನಲ್ಲಿ ಇಳಿಸಿ, ಶಿಖರದಲ್ಲಿ ಏರಿಸಿ ಬಿಸಿಯನ್ನು ಹದಗೊಳಿಸಿಕೊಳ್ಳಬಹುದಾದ್ದರಿಂದ, ನೂರಿನ್ನೂರು ರೂಪಾಯಿ ಹೆಚ್ಚಾದರೂ ಕೊಡಬಹುದಾದ ಸೌಲಭ್ಯವೆಂದರೆ ಇದೊಂದೇ. ಹೆಬ್ಬೆರಳಿನ ತೂತು, ಹೊಳೆಯುವ ಪಟ್ಟಿ, ಬೆಳ್ಳಿ ಅಂಶದ ವಾಸನೆ ನಿರೋಧಕ ಲೇಪಗಳಿಗೆ ಹೆಚ್ಚು ಕೊಡಬೇಕಿಲ್ಲ. ಲೇಪ ಒಗೆತದಲ್ಲಿ ಸವೆಯುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಆಗುವ ಒಂದು ಎಡವಟ್ಟನ್ನು ಇಲ್ಲಿ ಹೇಳಲೇಬೇಕು. ಅಂಗಿಯ ಒಳಗೆ ಬನಿಯನ್ ಇರಬೇಕೆಂಬ ಅಭ್ಯಾಸಬಲದಿಂದ ಒಳ್ಳೆಯ ಪಾಲಿಯೆಸ್ಟರ್ ಒಳಪದರದ ಕೆಳಗೆ ಹತ್ತಿಯ ಬನಿಯನ್ ತೊಡುವವರು ಬಹಳ ಮಂದಿ. ಬೆವರು ಮೊದಲು ಸಿಗುವುದು ಆ ಬನಿಯನ್‌ಗೆ, ಅದು ಅಲ್ಲಿಯೇ ನಿಲ್ಲುತ್ತದೆ, ಮೇಲಿನ ಅಂಗಿಗೆ ಕೊಟ್ಟ ಹಣವೆಲ್ಲ ವ್ಯರ್ಥ. ಹತ್ತಿಯ ಚಡ್ಡಿಗೂ ಹತ್ತಿಯ ಬ್ರಾಗೂ ಇದೇ ಮಾತು ಅನ್ವಯಿಸುತ್ತದೆ. ಮಹಿಳೆಯರು ಪಾಲಿಯೆಸ್ಟರ್ ಅಥವಾ ನೈಲಾನಿನ ಸ್ಪೋರ್ಟ್ಸ್ ಬ್ರಾಗೆ ಬದಲಾಯಿಸಿಕೊಳ್ಳದೆ ದುಬಾರಿ ಒಳಪದರ ಕೊಳ್ಳುವುದರಿಂದ ಪ್ರಯೋಜನವಿಲ್ಲ.

ಐದನೆಯ ಹೆಜ್ಜೆ: ಎಲ್ಲಿ, ಎಷ್ಟಕ್ಕೆ

ಸರ್ಜಾಪುರ ರಸ್ತೆಯೂ ಸೇರಿದಂತೆ ನಗರದ ಹಲವೆಡೆ ಇರುವ ಡೆಕಥ್ಲಾನ್‌ನಂಥ ದೊಡ್ಡ ಕ್ರೀಡಾ ಮಳಿಗೆಗಳಲ್ಲಿ ತೊಟ್ಟು ನೋಡಿ ಆರಿಸುವ ಅನುಕೂಲವಿದೆ. ತುಂಬುತೋಳಿನ ಪಾಲಿಯೆಸ್ಟರ್ ಅಂಗಿ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ದೊರೆಯುತ್ತದೆ. ಪೂರ್ಣ ಮೆರಿನೊಗೆ ಅದರ ಹಲವು ಪಟ್ಟು ತೆರಬೇಕು. ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್‌ಗಳಲ್ಲಿ ಸಿಗುವ ರಫ್ತು ಮಿಕ್ಕ ಮಾಲಿನಲ್ಲಿ ಒಮ್ಮೊಮ್ಮೆ ಒಳ್ಳೆಯ ಕ್ರೀಡಾ ಅಂಗಿಗಳು ಅಗ್ಗವಾಗಿ ಸಿಕ್ಕುವುದುಂಟು, ಆದರೆ ತಿರುಪ್ಪೂರಿನಿಂದ ಬರುವ ಹೆಣೆದ ಬಟ್ಟೆಯಲ್ಲಿ ಹತ್ತಿಯದೇ ದೊಡ್ಡ ಪಾಲಾದ್ದರಿಂದ ಚೀಟಿ ಕತ್ತರಿಸಿಹಾಕಿರುವ ಮಾಲನ್ನು ನಂಬಿಕೆಯ ಮೇಲೆ ಕೊಳ್ಳಬಾರದು. ಚಳಿಗಾಲದಲ್ಲಿ ಟಿಬೆಟಿಯನ್ ವ್ಯಾಪಾರಿಗಳು ಮಾರುವ ಸ್ವೆಟರ್‌ಗಳು ನಡುಪದರಕ್ಕೆ ಆಗಬಹುದು, ಒಳಪದರಕ್ಕಲ್ಲ.

ಹಣ ಹಂಚುವಾಗ ಮೇಲಂಗಿಗೆ ಮೊದಲ ಪ್ರಾಶಸ್ತ್ಯವಿರಲಿ. ಚೀಲ ಒತ್ತಿಕೊಳ್ಳುವ ಬೆನ್ನು ಹೆಚ್ಚು ಬೆವರುತ್ತದೆ, ಕಾಲುಗಳು ಅಷ್ಟಾಗಿ ಬೆವರುವುದಿಲ್ಲ. ಆದ್ದರಿಂದ ಕೆಳಗಿನ ಲೆಗ್ಗಿಂಗ್ಸ್ ಅತಿ ಸಾಧಾರಣ ಪಾಲಿಯೆಸ್ಟರ್‌ನದಾದರೂ ನಡೆಯುತ್ತದೆ. ಹಗಲಿನಲ್ಲಿ ನಡೆಯುವಾಗ ಅದು ಬೇಡವೇ ಆಗುವುದೂ ಉಂಟು.

ಆರನೆಯ ಹೆಜ್ಜೆ: ಹೊರಡುವ ಮುನ್ನ ಮನೆಯಲ್ಲಿ ಪರೀಕ್ಷೆ

ಹೊಸ ಅಂಗಿಯನ್ನು ಒಮ್ಮೆ ಒಗೆದು ಒಣಗಿಸಿದ ಮೇಲೆ ಒಳಬದಿ ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ, ಚಮಚದಿಂದ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತೇ ಇದ್ದರೆ ಆ ಬಟ್ಟೆ ಬೆವರನ್ನು ಎಳೆದುಕೊಳ್ಳುವುದಿಲ್ಲ. ಕೆಲವು ಕ್ಷಣಗಳಲ್ಲಿ ಹರಡಿ, ಮಗುಚಿ ನೋಡಿದಾಗ ಹೊರಬದಿಯ ಕಲೆ ಒಳಬದಿಯದಕ್ಕಿಂತ ದೊಡ್ಡದಾಗಿ ಕಂಡರೆ ಅದು ಒಳ್ಳೆಯ ಲಕ್ಷಣ.

ಎರಡನೆಯ ಪರೀಕ್ಷೆಗೆ ಅಡುಗೆಮನೆಯ ತಕ್ಕಡಿ ಬೇಕು. ಈ ಅಂಗಿಯನ್ನೂ ಸರಿಸುಮಾರು ಅದೇ ತೂಕದ ಹತ್ತಿ ಟೀಶರ್ಟೊಂದನ್ನೂ ಒಣಗಿದ್ದಾಗ ತೂಗಿ ಬರೆದಿಟ್ಟುಕೊಂಡು, ಎರಡನ್ನೂ ನೆನೆಸಿ, ಕೈಯಿಂದ ಚೆನ್ನಾಗಿ ಹಿಂಡಿ ಮತ್ತೆ ತೂಗಿ. ನಂತರ ನೆರಳಿನಲ್ಲಿ ಪಕ್ಕಪಕ್ಕದಲ್ಲಿ ಹರವಿ, ಗಂಟೆಗೊಮ್ಮೆ ತೂಗುತ್ತಾ ಹೋಗಿ. ಜುಲೈನ ಬೆಂಗಳೂರಿಗೂ ಜನವರಿಯ ಬೆಂಗಳೂರಿಗೂ ಒಣಗುವ ಹೊತ್ತು ಬೇರೆಯಾದ್ದರಿಂದ ಗಡಿಯಾರಕ್ಕಿಂತ ಜೊತೆಗಿರುವ ಹತ್ತಿ ಅಂಗಿಯೇ ನಂಬಲರ್ಹ ಅಳತೆಗೋಲು. ಕೊಂಡ ಅಂಗಿ ಹತ್ತಿಗಿಂತ ಸ್ಪಷ್ಟವಾಗಿ ಮುಂದಿರದಿದ್ದರೆ ಬಿಲ್ಲು ಇರುವಾಗಲೇ ಹಿಂದಿರುಗಿಸಿ. ಒಗೆದದ್ದನ್ನು ಹಿಂಪಡೆಯುವ ನಿಯಮ ಇದೆಯೇ ಎಂದು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳುವುದು ಉತ್ತಮ.

ಚೀಟಿಯಿಲ್ಲದ ಬಟ್ಟೆಯ ನಾರು ತಿಳಿಯಬೇಕಾದರೆ, ಒಳ ಅಂಚಿನಿಂದ ಬಟ್ಟೆಯದೇ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ಮುಟ್ಟಿಸಿ. ಹತ್ತಿ ಕಾಗದ ಸುಟ್ಟ ವಾಸನೆಯೊಡನೆ ಬೂದಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನಾಗಿ ಆರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗುವ ಈ ಗುಣವನ್ನು ಶಿಬಿರಾಗ್ನಿಯ ಬಳಿ ಕುಳಿತಾಗಲೂ ನೆನಪಿಡಬೇಕು. ಸಿಡಿದ ಕಿಡಿ ಪಾಲಿಯೆಸ್ಟರ್ ಅಂಗಿಯನ್ನು ಚರ್ಮಕ್ಕೆ ಅಂಟಿಸಬಲ್ಲದು.

ಕೊನೆಯದು ಮೈಮೇಲಿನ ಪರೀಕ್ಷೆ. ಚಾರಣದಲ್ಲಿ ಹೊರಲಿರುವ ಚೀಲವನ್ನು ಅದೇ ತೂಕಕ್ಕೆ ತುಂಬಿಸಿ, ಅಂಗಿ ತೊಟ್ಟು ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಅರ್ಧ ಗಂಟೆ ಹತ್ತಿಳಿದು, ಚೀಲ ಇಳಿಸಿ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ನೆರೆಹೊರೆಯವರು ವಿಚಾರಿಸಿಯಾರು, ಚಿಂತೆಯಿಲ್ಲ. ಮೊದಲ ಕೆಲವು ನಿಮಿಷ ಚಳಿ ಹತ್ತಿ ಆಮೇಲೆ ಬೆನ್ನು ಆರುತ್ತಾ ಬಂದರೆ ಅಂಗಿ ಸರಿಯಿದೆ. ಕಾಲು ಗಂಟೆ ಕಳೆದರೂ ಬಟ್ಟೆ ಬೆನ್ನಿಗೆ ಅಂಟಿಕೊಂಡೇ ಇದ್ದರೆ ಅದನ್ನು ಹಿಮಕ್ಕೆ ಒಯ್ಯಬೇಡಿ. ಭುಜ ಮತ್ತು ಕಂಕುಳಲ್ಲಿ ಉಜ್ಜಿದ ಗುರುತು ಬಿದ್ದಿದೆಯೇ ಎಂದೂ ನೋಡಿಕೊಳ್ಳಿ.

ಏಳನೆಯ ಹೆಜ್ಜೆ: ನಡೆಯುವ ಜೊತೆ, ಮಲಗುವ ಜೊತೆ

ಐದಾರು ದಿನದ ಚಾರಣಕ್ಕೆ ನಡೆಯಲು ಎರಡು ಅಂಗಿ, ಮಲಗಲು ಒಂದು ಜೊತೆ ಸಾಕು. ಡೇರೆ ಸೇರಿದೊಡನೆ, ಚಹಾ ಕುಡಿಯುವುದಕ್ಕೂ ಮೊದಲು, ಒದ್ದೆ ಅಂಗಿಯನ್ನು ಕಳಚಿ ಒಣ ಜೊತೆಯನ್ನು ತೊಡಬೇಕು. ಮಲಗುವ ಜೊತೆಯಲ್ಲಿ ಬೆವರುವ ಪ್ರಶ್ನೆಯಿಲ್ಲವಾದ್ದರಿಂದ, ಈಗಾಗಲೇ ಮನೆಯಲ್ಲಿರುವ ಹತ್ತಿ ಮಿಶ್ರಿತ ಥರ್ಮಲ್ ಇಲ್ಲಿ ಚೆನ್ನಾಗಿ ಒದಗುತ್ತದೆ. ಅದನ್ನು ನಡೆಯಲು ಮಾತ್ರ ಎಂದೂ ತೊಡಬಾರದು. ಬೆಳಿಗ್ಗೆ ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆಯಲ್ಲಿ ಹೊರಡಿ. ಬೆಚ್ಚಗೆ ಹೊರಟವರು ಮೊದಲ ತಿರುವಿನಲ್ಲಿಯೇ ಬೆವರಿ, ಇಡೀ ತಂಡವನ್ನು ನಿಲ್ಲಿಸಿ ಜಾಕೆಟ್ ಕಳಚುತ್ತಾರೆ.

ಎಂಟನೆಯ ಹೆಜ್ಜೆ: ಒಗೆತ ಮತ್ತು ಸಂಗ್ರಹ

ಪಾಲಿಯೆಸ್ಟರ್ ಅಂಗಿಯನ್ನು ಒಳಹೊರಗು ಮಾಡಿ, ತಣ್ಣೀರಿನಲ್ಲಿ, ಸೌಮ್ಯವಾದ ದ್ರವ ಸಾಬೂನಿನಿಂದ ಒಗೆಯಬೇಕು. ಬಟ್ಟೆ ಮೆದುಗೊಳಿಸುವ ಸುವಾಸನೆಯ ದ್ರಾವಣವನ್ನು ಹಾಕಲೇಬಾರದು. ಅದರ ಜಿಡ್ಡು ಎಳೆಗಳ ಮೇಲೆ ಕುಳಿತು ಬೆವರು ಹರಡುವುದನ್ನು ತಡೆಯುತ್ತದೆ. ಕೊಳವೆಬಾವಿಯ ಗಡಸು ನೀರು ಬರುವ ಬಡಾವಣೆಗಳಲ್ಲಿ ಸಾಬೂನಿನ ಶೇಷವೂ ಉಳಿಯುವುದರಿಂದ ಇನ್ನೊಮ್ಮೆ ಜಾಲಾಡಿಸುವುದು ಒಳ್ಳೆಯದು. ಇಸ್ತ್ರಿ ಬೇಡ. ಮೆರಿನೊ ಅಂಗಿಯನ್ನು ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಬೇಕು. ತಂತಿಯ ಮೇಲೆ ನೇತುಹಾಕಿದರೆ ಜೋತು ಅಳತೆ ಕೆಡುತ್ತದೆ. ಉಣ್ಣೆಯನ್ನು ತಿನ್ನುವ ಹುಳುಗಳಿಗೆ ಬೆವರಿನ ಕಲೆ ಇರುವ ಬಟ್ಟೆ ಇನ್ನೂ ಪ್ರಿಯವಾದ್ದರಿಂದ, ಮಾರ್ಚ್‌ನಲ್ಲಿ ಬೀರುವಿಗೆ ಸೇರಿಸುವ ಮುನ್ನ ಒಗೆದು, ಪೂರ್ತಿ ಒಣಗಿಸಿ, ಜಿಪ್ ಇರುವ ಚೀಲದಲ್ಲಿ ಮುಚ್ಚಿಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊರತೆಗೆದು ಗಾಳಿಗೆ ಹಾಕಿ.